ಒಳಗುಳಿದ ಪೆಟ್ಟಿಗೆ

ಹಯಲೀಯ, ಫ್ಲಾರಿಡಾ
20 ನವೆಂಬರ್ 1987

ಮಗಳೇ ಟ್ವೈಲಾ,

ನೀನು ಗಂಡ ಎವೇಲಿಯೊನನ್ನು ಟ್ಯಾಂಪಾದ ಆಸ್ಪತ್ರೆಗೆ ಸಾಗಿಸಿದ ಸುದ್ದಿ ನನಗೆ ಪೆಟ್ರೋಲ್ ಬಂಕಿನಲ್ಲಿ ಸಿಕ್ಕಿತು. ಮಗಳು ಊರು ಬಿಟ್ಟದ್ದನ್ನು ಹೆತ್ತ ಅಪ್ಪನಿಗೆ ಪೆಟ್ರೋಲ್ ಹಾಕುವವನು ಹೇಳಬೇಕಾಯಿತು. ಇರಲಿ. ವಿಳಾಸವನ್ನು ಎವೇಲಿಯೊನ ಅಣ್ಣನ ಹತ್ತಿರ ಇಸಿದುಕೊಂಡೆ. ಅವನು ಬಾಗಿಲಿನ ಸರಪಳಿ ತೆಗೆಯದೆ ಸಂದಿಯಿಂದಲೇ ಚೀಟಿ ತೂರಿಸಿದ.

ಐದು ವಾರದಿಂದ ನನ್ನ ಫೋನು ಎತ್ತುತ್ತಿಲ್ಲ. ಎತ್ತದಿದ್ದರೆ ಬಿಡು, ಇದನ್ನಾದರೂ ಓದು. ನಿನ್ನ ಗಂಡನ ತಲೆ ಒಡೆದದ್ದಕ್ಕೆ ನನಗೆ ಸಂಕಟವಾಗಿದೆ. ಆದರೆ ನಾವು ಕಾರಣವಿಲ್ಲದೆ ಹುಚ್ಚುನಾಯಿಗಳ ಹಾಗೆ ಮೈಮೇಲೆ ಬಿದ್ದೆವು ಎಂದು ನೀನು ಊರೆಲ್ಲ ಹೇಳುತ್ತಿರುವುದು ಸರಿಯಲ್ಲ.

ನೀನು ಮೆಕ್ಯಾನಿಕ್‌ನ ಮಗಳು, ಮೆಕ್ಯಾನಿಕ್‌ನ ಹೆಂಡತಿ. ಸಿಟ್ಟಿನಲ್ಲಿ ಮರೆತಿದ್ದರೆ ನೆನಪಿಸುತ್ತೇನೆ. ಕಲೂಸಾ ಏರ್‌ವೇಸ್‌ನಲ್ಲಿ ವಿಮಾನ ಕಂಪನಿಯದು, ಅವು ನಿಲ್ಲುವ ಹ್ಯಾಂಗರ್ ಕಂಪನಿಯದು. ಹತಾರ ಮಾತ್ರ ನಮ್ಮದು. ಒಂದೊಂದು ಸ್ಪ್ಯಾನರ್ ಕೂಡ ನಾವೇ ಕೊಂಡದ್ದು, ನಾವೇ ಬಣ್ಣದ ಗುರುತು ಹಚ್ಚಿದ್ದು. ಮುಷ್ಕರದ ಗಡುವು ಬಂತೆಂದರೆ ಪ್ರತಿಯೊಬ್ಬನೂ ತನ್ನ ಹತಾರದ ಪೆಟ್ಟಿಗೆಯನ್ನು ಉರುಳಿಸಿಕೊಂಡು ಗೇಟಿನ ಹೊರಗೆ ತರಬೇಕು. ಪೆಟ್ಟಿಗೆ ಹೊರಗೆ ಬಂದವನು ನಮ್ಮವನು. ಪೆಟ್ಟಿಗೆ ಒಳಗೇ ಬಿಟ್ಟವನು ನಾಳೆಯೋ ನಾಡಿದ್ದೋ ಅದರ ಹಿಂದೆ ಒಳಗೆ ನುಗ್ಗಿ ಧಣಿಯ ಕೆಲಸ ಮಾಡುವವನು. ಅಂಥವನಿಗೆ ನಾವು ಹಕ್ಕಳೆ ಎನ್ನುತ್ತೇವೆ. ಇದನ್ನು ಯಾರೂ ಬರೆದಿಟ್ಟಿಲ್ಲ, ಯಾರೂ ಮೀರಿಯೂ ಇಲ್ಲ.

ಅಕ್ಟೋಬರ್ ಒಂಬತ್ತು, ಶುಕ್ರವಾರ, ನಡು ಮಧ್ಯಾಹ್ನಕ್ಕೆ ನಮ್ಮ ಗಡುವು. ಸರಿಯಾಗಿ ಹನ್ನೆರಡಕ್ಕೆ ಕಾವಲಿನವರು ಗೇಟು ಮುಚ್ಚಿದರು. ಒಳಗೆ ಉಳಿದ ಪೆಟ್ಟಿಗೆಗಳು ಒಂಬತ್ತು. ಆ ಒಂಬತ್ತರಲ್ಲಿ ಒಂದರ ಮೇಲೆ ನಿನ್ನ ಗಂಡನ ಹೆಸರು, ಕ್ವಿಂಟಾನ ಎಂದು ಬರೆದಿತ್ತು. ಕಾರ್ಮಿಕ ಸಂಘದವರು ಪಟ್ಟಿ ಓದುವಾಗ ನಾನು ಮುಂದಿನ ಸಾಲಿನಲ್ಲಿ ನಿಂತಿದ್ದೆ. ಇನ್ನೂರು ಜನ ತಿರುಗಿ ನನ್ನ ಮುಖ ನೋಡಿದರು. ಮೂವತ್ತಮೂರು ವರ್ಷದಲ್ಲಿ ನನಗೆ ಅಂಥ ಅವಮಾನ ಆಗಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಕಂಪನಿಯ ವ್ಯಾನು ಬಂತು, ಕಿಟಕಿಗೆಲ್ಲ ತಂತಿಯ ಜಾಲರಿ. ಹುಡುಗರು ಕವಣೆಯಲ್ಲಿ ಕಬ್ಬಿಣದ ಗುಂಡು ಬಿಟ್ಟರು, ಒಬ್ಬ ಚಕ್ರದ ಮುಂದೆ ಮಲಗಿಬಿಟ್ಟ, ವ್ಯಾನು ನಿಂತಿತು. ಹಿಂದಿನ ಬಾಗಿಲನ್ನು ಸರಳಿನಿಂದ ಕಿತ್ತು ಐದು ಜನರನ್ನು ರಸ್ತೆಗೆಳೆದರು. ಒಬ್ಬನ ದವಡೆ ಮುರಿಯಿತು, ಇನ್ನೊಬ್ಬನ ಪಕ್ಕೆಲುಬು. ಮೂರನೆಯವನಾಗಿ ನಿನ್ನ ಗಂಡ ಇಳಿದ. ಆ ಗದ್ದಲದಲ್ಲಿ ಯಾರು ಯಾರಿಗೆ ಹೊಡೆದರೋ ದೇವರೇ ಬಲ್ಲ. ನಾನು ಆ ಕಡೆ, ಧ್ವಜದ ಕಂಬದ ಹತ್ತಿರ ಇದ್ದೆ.

ಅವನು ಹಕ್ಕಳೆಗಳ ವ್ಯಾನಿನಲ್ಲಿ ಏಕೆ ಕೂತಿದ್ದ? ಅದನ್ನು ಮೊದಲು ಅವನನ್ನು ಕೇಳು.

ಅಪ್ಪ

——

ಟ್ಯಾಂಪಾ
3 ಡಿಸೆಂಬರ್ 1987

ಅಪ್ಪಾ,

ಅವನನ್ನು ಕೇಳು ಎಂದು ಬರೆದಿದ್ದೀಯ. ಕೇಳುವುದಕ್ಕೆ ಅವನ ಬಾಯಿಂದ ಮಾತು ಬರಬೇಕಲ್ಲ. ಚಮಚವನ್ನು ತೋರಿಸಿದರೆ ಬೂಟು ಎನ್ನುತ್ತಾನೆ. ಅದೂ ಸ್ಪ್ಯಾನಿಷಿನಲ್ಲಿ. ಹತ್ತು ವರ್ಷ ನಿನ್ನ ಪಕ್ಕದಲ್ಲಿ ನಿಂತು ಕಲಿತ ಇಂಗ್ಲಿಷ್ ಪೂರ್ತಿ ಹೋಗಿದೆ.

ಎಡಗಣ್ಣು ತೆಗೆದಿದ್ದಾರೆ. ಎಡಗಿವಿಯ ಮೇಲಿನ ಮೂಳೆ ಚೂರಾಗಿ ಒಳಕ್ಕೆ ಹೋಗಿತ್ತು, ಈಗ ಅಲ್ಲಿ ಲೋಹದ ತಗಡಿದೆ. ಬಲಗೈ ಬೆರಳುಗಳು ಮಡಚಿಕೊಂಡಿವೆ, ಬಿಡಿಸಿದರೆ ಮತ್ತೆ ಮಡಚಿಕೊಳ್ಳುತ್ತವೆ. ಒಂದಲ್ಲ, ಎರಡು ಏಟು ಎಂದು ಡಾಕ್ಟರು ಹೇಳಿದರು. ಮೊದಲನೆಯದು ಭುಜಕ್ಕೆ. ಎರಡನೆಯದು ಅವನು ತಿರುಗಿದ ಮೇಲೆ ಮುಖಕ್ಕೆ. ಗದ್ದಲದಲ್ಲಿ ತಾಗಿದ್ದಲ್ಲ. ಯಾರೋ ನಿಂತು, ಗುರಿ ನೋಡಿ ಹೊಡೆದದ್ದು.

ಆ ಗುಂಪಿನಲ್ಲಿ ನಿನಗೆ ಗೊತ್ತಿಲ್ಲದವರು ಒಬ್ಬರೂ ಇರಲಿಲ್ಲ. ಬೆನ್ನು ನೋಡಿದರೆ ಹೆಸರು ಹೇಳುತ್ತೀಯ ನೀನು. ನನಗೆ ಬೇಕಾಗಿರುವುದು ಒಂದೇ. ಹೊಡೆದವನ ಹೆಸರು. ಅದನ್ನು ಬರೆದು ಕಳಿಸು. ಬೇರೆ ಏನನ್ನೂ ಬರೆಯಬೇಡ.

ಟ್ವೈಲಾ ಕ್ವಿಂಟಾನ

——

ಹಯಲೀಯ
11 ಜನವರಿ 1988

ಟ್ವೈಲಾ,

ಕಾಗದ ಬಂದು ತಿಂಗಳಾಯಿತು. ಕ್ರಿಸ್‌ಮಸ್ ದಿನ ನಿಮ್ಮಮ್ಮನ ಗೋರಿಗೆ ಹೋಗಿ ಬಂದೆ. ಅವಳಿದ್ದಿದ್ದರೆ ನಮ್ಮಿಬ್ಬರಿಗೂ ನಾಲ್ಕು ಬಾರಿಸಿ ಒಂದೇ ಮೇಜಿಗೆ ಕೂರಿಸುತ್ತಿದ್ದಳು.

ಇಲ್ಲಿ ಯುದ್ಧ. ಕಂಪನಿ ಸರಪಳಿ ಬಿಚ್ಚಿ ನಾಯಿಗಳನ್ನು ಬಿಡುತ್ತಿದೆ. ನಮ್ಮವರಲ್ಲಿ ಯಾರೋ ಎಣ್ಣೆ ಲಾರಿಗೆ ಗುಂಡು ಹಾರಿಸಿದರು. ಪುಣ್ಯಕ್ಕೆ ಅದು ಖಾಲಿ ಲಾರಿ. ನನ್ನ ಮನೆಯ ಮುಂದಿನ ಕಿಟಕಿಗೆ ಇಟ್ಟಿಗೆ ಬಿತ್ತು, ಗಾಜಿನ ಚೂರು ಕುತ್ತಿಗೆಗೆ ತಾಗಿ ಆರು ಹೊಲಿಗೆ. ಕಳೆದ ಸೋಮವಾರ ಅಂಗಡಿಯಲ್ಲಿ ಹಾಲಿಗೆ ನಿಂತಿದ್ದಾಗ ಹಕ್ಕಳೆಯೊಬ್ಬ ನನ್ನನ್ನು ನೋಡಿ ನಕ್ಕ. ಅವನ ಮೂಗನ್ನು ಅಲ್ಲೇ ಮುರಿದೆ. ನೆಲದ ಮೇಲೆ ಹಾಲು, ರಕ್ತ ಎರಡೂ ಹರಿದವು. ಸುಳ್ಳೇಕೆ ಹೇಳಲಿ, ಆ ಹೊತ್ತು ನನಗೆ ಸುಖವಾಯಿತು.

ಯಾವುದಕ್ಕಾಗಿ ಹೊಡೆದಾಡುತ್ತಿದ್ದೇವೆ ಎಂದು ನಿನ್ನ ವಯಸ್ಸಿನವರಿಗೆ ಅರ್ಥವಾಗುವುದಿಲ್ಲ. ನೀವು ನೋಡಿದ್ದು ಕಲೂಸಾದ ಹೆಣವನ್ನು. ನಾನು ಅದರ ಮದುವೆ ದಿಬ್ಬಣ ನೋಡಿದವನು. ಕ್ಯಾಪ್ಟನ್ ಥೇಯರ್ ಕಂಪನಿ ಶುರು ಮಾಡಿದ್ದು 1931ರಲ್ಲಿ, ನೀರಿನ ಮೇಲೆ ಇಳಿಯುವ ಎರಡೇ ವಿಮಾನದಲ್ಲಿ. ಬಿಸ್ಕೇನ್ ಕೊಲ್ಲಿಯಿಂದ ಹವಾನಕ್ಕೆ ಟಪಾಲು. ಬರುವಾಗ ಟಪಾಲಿನ ಚೀಲದೊಳಗೆ ರಮ್ ಇರುತ್ತಿತ್ತಂತೆ. ಇಪ್ಪತ್ನಾಲ್ಕನೇ ವಯಸ್ಸಿಗೆ ನಾನು ಜಾರ್ಜಿಯದಿಂದ ಬಂದು ಸೇರಿದಾಗ ನೂರು ವಿಮಾನವಿದ್ದವು. ಮುದುಕ ಆಗಲೂ ಹ್ಯಾಂಗರಿಗೆ ಬಂದು ಚಕ್ರದ ಮೇಲೆ ಕೂತು ನಮ್ಮ ಡಬ್ಬಿಯಿಂದಲೇ ಬೇಯಿಸಿದ ಕಡಲೆಕಾಯಿ ತಿನ್ನುತ್ತಿದ್ದ. ಅವನದೊಂದು ನಿಯಮ. ಎಂಜಿನ್ ಬಿಚ್ಚಿ ಜೋಡಿಸಿ ಪುಸ್ತಕಕ್ಕೆ ಸಹಿ ಹಾಕಿದ ಮೆಕ್ಯಾನಿಕ್ ಆ ವಿಮಾನದ ಮೊದಲ ಹಾರಾಟದಲ್ಲಿ ತಾನೂ ಕೂರಬೇಕು. ನಾನು ಹಾಗೆ ನಾನೂರು ಸಲ ಹಾರಿದ್ದೇನೆ. ಅದಕ್ಕೇ ನಮ್ಮ ಕೆಲಸದಲ್ಲಿ ತಪ್ಪು ಬರುತ್ತಿರಲಿಲ್ಲ.

ಆ ಕಾಲವೂ ಮೃದುವಾಗಿರಲಿಲ್ಲ. 57ರಲ್ಲಿ ತಿರುಗುತ್ತಿದ್ದ ಪ್ರೊಪೆಲ್ಲರಿಗೆ ನಮ್ಮವನೊಬ್ಬ ಬೆನ್ನು ಕೊಟ್ಟು ಸರಿದ. ಅವನನ್ನು ಎರಡು ಹೊದಿಕೆಯಲ್ಲಿ ಸುತ್ತಿ ಒಯ್ದೆವು. ರೆಕ್ಕೆಯ ಮೇಲಿನ ರಕ್ತವನ್ನು ಕ್ಯಾಪ್ಟನ್ ತಾನೇ ಕೊಳವೆ ಹಿಡಿದು ತೊಳೆದ, ಬೇರೆಯವರಿಗೆ ಬಿಡಲಿಲ್ಲ. 71ರಲ್ಲಿ ಕ್ಲೀಟಸ್ ಓಡಮ್ ಜೆಟ್ ಎಂಜಿನ್ನಿನ ಬಾಯಿಯ ಹತ್ತಿರ ಹೋಗಿಬಿಟ್ಟ. ಗಾಳಿ ಅವನನ್ನು ಸೊಂಟದವರೆಗೆ ಒಳಕ್ಕೆಳೆದಿತ್ತು. ನಾನು ಬೆಲ್ಟು ಹಿಡಿದು ನೇತಾಡಿದೆ, ಎಂಜಿನ್ ನಿಲ್ಲುವವರೆಗೆ ಬಿಡಲಿಲ್ಲ. ಅವನ ಟೋಪಿ ಹೋಯಿತು, ನನ್ನ ಭುಜದ ಕೀಲು ತಪ್ಪಿತು. ಅವತ್ತಿನಿಂದ ಕ್ಲೀಟಸ್ ನನ್ನ ನೆರಳು.

ಮುನ್ನೂರು ವಿಮಾನ, ನಲವತ್ತು ಸಾವಿರ ಜನ. ನ್ಯೂಯಾರ್ಕಿನ ಚಳಿಯಿಂದ ಓಡಿಬರುವವರಿಗೆಲ್ಲ ನಮ್ಮ ವಿಮಾನದ ಬಾಲಕ್ಕೆ ಬರೆದ ಕೆಂಪು ಕೊಕ್ಕರೆ ಕಂಡರೆ ಬಿಸಿಲು ಕಂಡ ಹಾಗೆ. ಕ್ಯಾಪ್ಟನ್ ಸತ್ತ. ಆಮೇಲೆ ಸರ್ಕಾರ ಕಟ್ಟುಪಾಡು ತೆಗೆದು ಯಾರು ಬೇಕಾದರೂ ಎಲ್ಲಿಗೆ ಬೇಕಾದರೂ ಹಾರಿ ಎಂದಿತು, ನಮ್ಮ ಕುರ್ಚಿಯ ಮೇಲಿನವರು ಕಣ್ಣು ಮುಚ್ಚಿ ದೊಡ್ಡ ವಿಮಾನ ಕೊಂಡರು, ಕೊನೆಗೆ ಡೆನ್ವರಿನ ಹೊಸ ಧಣಿಗೆ ಮಾರಿ ಎದ್ದುಹೋದರು. ಅವನು ವಿಮಾನ ಹಾರಿಸುವುದಕ್ಕೆ ಬಂದವನಲ್ಲ, ಕೊಯ್ಯುವುದಕ್ಕೆ ಬಂದವನು. ಮೊದಲು ಲಂಡನ್ನಿನ ದಾರಿ ಮಾರಿದ, ಆಮೇಲೆ ಟಿಕೆಟ್ಟಿನ ಯಂತ್ರಗಳನ್ನು, ಈಗ ವಿಮಾನಗಳನ್ನು. ಸಹಿ ಹಾಕಿದವನು ಹಾರಬೇಕೆಂಬ ನಿಯಮ ರದ್ದು ಮಾಡಿದ್ದೂ ಅವನೇ. ಹಾಗೆ ಹಾರುವ ಹೊತ್ತಿನಲ್ಲಿ ಇನ್ನೊಂದು ಎಂಜಿನ್ ನೋಡಬಹುದಂತೆ.

ಹೆಸರು ಕೇಳಿದ್ದೀಯ. ಗೇಟಿನ ಮುಂದೆ ಒಟ್ಟಿಗೆ ನಿಂತವರು ಹೆಸರು ಕೊಡುವುದಿಲ್ಲ. ನನ್ನನ್ನು ಕೇಳಬೇಡ.

ಅಪ್ಪ

——

ಟ್ಯಾಂಪಾ
2 ಮಾರ್ಚ್ 1988

ಅಪ್ಪಾ,

ನಾನು ಒಂದು ಹೆಸರು ಕೇಳಿದೆ, ನೀನು ಮುನ್ನೂರು ವಿಮಾನದ ಕಥೆ ಬರೆದೆ.

ಎವೇಲಿಯೊ ಮಾತಾಡುತ್ತಿದ್ದಾನೆ. ಮೂರು ವಾರವಾಯಿತು. ಪದಕ್ಕೆ ಪದ ಕೂಡಿಸುತ್ತ ನಿಧಾನವಾಗಿ, ನಡುವೆ ಬೆವರುತ್ತಾನೆ. ಮೊನ್ನೆ ಅವನು ಕೂಡಿಸಿದ ಮೊದಲ ಪೂರ್ತಿ ವಾಕ್ಯ ಯಾವುದು ಗೊತ್ತೇ? "ಮಾವನ ಬೆನ್ನು ಈಗ ಹೇಗಿದೆ?"

ನಿನ್ನ ಬೆನ್ನುನೋವಿನ ವಿಷಯ ಈಗ ಯಾಕೆ ಎಂದು ಅವನನ್ನು ಕೇಳಿದೆ. ಆಮೇಲೆ ಎರಡು ದಿನ ತೆಗೆದುಕೊಂಡು ಹೇಳಿದ. ಕೇಳಿಸಿಕೋ.

ಆ ಶುಕ್ರವಾರ ಬೆಳಿಗ್ಗೆಯಿಂದ ನೀನು ಬೆನ್ನುನೋವೆಂದು ಸಂಘದ ಕಚೇರಿಯಲ್ಲಿ ಮುಷ್ಕರದ ಫಲಕಗಳಿಗೆ ಕೋಲು ಹೊಡೆಯುತ್ತ ಕೂತಿದ್ದೆ. ಹ್ಯಾಸ್ಕೆಟ್ ಎಂದು ಬರೆದ ನಿನ್ನ ಪೆಟ್ಟಿಗೆ ಐದನೇ ಹ್ಯಾಂಗರಿನಲ್ಲೇ ಇತ್ತು. ಮೂರು ಅಂತಸ್ತಿನ ಆ ಕಬ್ಬಿಣದ ಭೂತ, ಒಂದು ಚಕ್ರ ಮುರಿದದ್ದು. ಎವೇಲಿಯೊ ತನ್ನ ಪೆಟ್ಟಿಗೆಯನ್ನು ಬಾಗಿಲವರೆಗೆ ತಂದಿದ್ದ. ನಿನ್ನದು ಅಲ್ಲೇ ನಿಂತಿದ್ದನ್ನು ನೋಡಿ ತನ್ನದನ್ನು ಬಿಟ್ಟು ನಿನ್ನದನ್ನು ಹಿಡಿದ. ಹ್ಯಾಂಗರಿನಿಂದ ಗೇಟಿಗೆ ಅರ್ಧ ಮೈಲಿ. ಮುರಿದ ಚಕ್ರದ ಮೂಲೆಯನ್ನು ತೊಡೆಯ ಮೇಲೆ ಹೊತ್ತು, ಒಬ್ಬನೇ ಎಳೆದ. ನಿನ್ನ ಟ್ರಕ್ಕಿನ ಪಕ್ಕದಲ್ಲಿ ನಿಲ್ಲಿಸಿ ತನ್ನದಕ್ಕಾಗಿ ತಿರುಗಿ ಓಡಿದ. ಅಷ್ಟರಲ್ಲಿ ಗೇಟು ಮುಚ್ಚಿತು.

ಯಾಕೆ ಹಾಗೆ ಮಾಡಿದೆ ಎಂದು ಕೇಳಿದೆ. "ಮುದುಕಂದು ಒಳಗುಳಿದ್ರೆ ಅವ್ನು ಸತ್ತೇಹೋಗ್ತಾನೆ. ನಂದು ಉಳಿದ್ರೆ ಏನು, ಹೇಳಿದ್ರೆ ಕೇಳ್ತಾರೆ."

ಹೇಳುವುದಕ್ಕೆಂದು ಭಾನುವಾರ ನಿನ್ನ ಮನೆಗೆ ಬಂದಿದ್ದ, ನನ್ನ ಜೊತೆಗೆ. ನೀನು ಬಾಗಿಲು ತೆಗೆಯಲಿಲ್ಲ. ಪರದೆ ಸರಿಸಿ ನೋಡಿ ಬಿಟ್ಟೆ. ಆಗ ನನಗೂ ಕಾರಣ ಗೊತ್ತಿರಲಿಲ್ಲ. ಸೋಮವಾರ ಕಂಪನಿ ಕಾಗದ ಕಳಿಸಿತು, ಪೆಟ್ಟಿಗೆ ಬೇಕಾದವರು ನಾಳೆ ಹತ್ತಕ್ಕೆ ನಮ್ಮ ವ್ಯಾನಿನಲ್ಲಿ ಬಂದು ತೆಗೆದುಕೊಂಡು ಹೋಗಬಹುದು ಎಂದು. ಅದಕ್ಕೇ ಅವನು ಆ ವ್ಯಾನಿನಲ್ಲಿ ಕೂತಿದ್ದ. ನಿನ್ನ ಮುಂದೆ ಪೆಟ್ಟಿಗೆ ತಂದು ನಿಲ್ಲಿಸುವುದಕ್ಕೆ.

ಇನ್ನೊಂದು ವಿಷಯ. ಪೊಲೀಸರು ನಿನ್ನೆ ಬಂದಿದ್ದರು. ಕಂಪನಿಯ ಕಾವಲಿನವರು ತೆಗೆದ ಫೋಟೋ ತೋರಿಸಿದರು. ಎವೇಲಿಯೊ ನೆಲದ ಮೇಲೆ ಬಿದ್ದಿದ್ದಾನೆ, ಅವನ ಪಕ್ಕದಲ್ಲಿ ಕ್ಲೀಟಸ್ ಓಡಮ್, ಕೈಯಲ್ಲಿ ಉದ್ದನೆಯ ಸ್ಪ್ಯಾನರ್. ನಿನ್ನ ನೆರಳು. ಅವನನ್ನು ಹಿಡಿದಿದ್ದಾರೆ. ನೀನು ಹೆಸರು ಯಾಕೆ ಕೊಡಲಿಲ್ಲ ಎಂದು ಈಗ ತಿಳಿಯಿತು.

ಟ್ವೈಲಾ ಕ್ವಿಂಟಾನ

——

ಹಯಲೀಯ
14 ಮಾರ್ಚ್ 1988

ಟ್ವೈಲಾ,

ಕಾಗದ ಸಿಕ್ಕಿತು.

ನನ್ನ ಪೆಟ್ಟಿಗೆಯನ್ನು ಕ್ಲೀಟಸ್ ತಂದಿಟ್ಟಿದ್ದ ಎಂದುಕೊಂಡಿದ್ದೆ. ಅವನು ಎಂದೂ ಇಂಥದ್ದನ್ನು ಬಾಯಿಬಿಟ್ಟು ಹೇಳಿಕೊಳ್ಳುವವನಲ್ಲ, ಅದಕ್ಕೆ ಕೇಳಲೂ ಇಲ್ಲ. ಅದು ಈಗ ನನ್ನ ಷೆಡ್ಡಿನಲ್ಲಿದೆ. ಹತ್ತು ದಿನದಿಂದ ಷೆಡ್ಡಿನ ಬಾಗಿಲು ತೆಗೆದಿಲ್ಲ.

ಕ್ಲೀಟಸ್ ಅಂಥವನಲ್ಲ. ಇದಕ್ಕಿಂತ ಹೆಚ್ಚು ಬರೆಯಲು ನನ್ನ ಕೈಲಾಗುತ್ತಿಲ್ಲ. ಎವೇಲಿಯೊಗೆ ನನ್ನ ಬೆನ್ನು ಚೆನ್ನಾಗಿದೆ ಎಂದು ಹೇಳು.

ಅಪ್ಪ

——

ಟ್ಯಾಂಪಾ
19 ಸೆಪ್ಟೆಂಬರ್ 1988

ಅಪ್ಪಾ,

ಆರು ತಿಂಗಳು ನೀನು ಬರೆಯಲಿಲ್ಲ, ನಾನೂ ಬರೆಯಲಿಲ್ಲ. ಕೋರ್ಟಿನಲ್ಲಿ ನಿನ್ನನ್ನು ನೋಡಿದೆ. ಕೊನೆಯ ಬೆಂಚಿನಲ್ಲಿ ನೀನು ಟೋಪಿ ಹಿಸುಕುತ್ತ ಕೂತಿದ್ದೆ. ತೀರ್ಪು ಓದುವ ಮೊದಲೇ ಎದ್ದುಹೋದೆ. ಏಕೆ? ಗೆಳೆಯನಿಗೆ ಬೇಡಿ ಹಾಕುವುದನ್ನು ನೋಡಲಾಗಲಿಲ್ಲವೇ? ನಾನು ನೋಡಿದೆ. ಐದು ವರ್ಷ.

ಕ್ಲೀಟಸ್‌ನ ಪರ ವಕೀಲ ಹೋರಾಡುವುದಕ್ಕೆ ನೋಡಿದ, ಅವನೇ ಬಿಡಲಿಲ್ಲ. ನೀನೇ ಹೊಡೆದೆಯಾ ಎಂದು ಕೇಳಿದರೆ ಮಾತಿಲ್ಲ. ಯಾರು ಹೊಡೆದರು ಎಂದರೂ ಮಾತಿಲ್ಲ. ಸ್ಪ್ಯಾನರ್ ಎಲ್ಲಿ ಎಂದರೆ, ಕಾಲುವೆಗೆ ಎಸೆದೆ ಎಂದ. ಅಷ್ಟೇ. ಎವೇಲಿಯೊ ಕೂಡ ಕಟಕಟೆಯಲ್ಲಿ ನಿಂತು ನನಗೇನೂ ನೆನಪಿಲ್ಲ ಎಂದ. ಈ ಒಂದು ಮಾತಿಗಾಗಿಯೇ ನಾನು ತಿಂಗಳುಗಟ್ಟಲೆ ಅವನ ನಾಲಿಗೆ ತಿದ್ದಿದ್ದು?

ಕ್ಲೀಟಸ್‌ನನ್ನು ಕರೆದೊಯ್ಯುವಾಗ ನಾನು ಕೋರ್ಟಿನ ಪಡಸಾಲೆಯಲ್ಲಿ ಅಡ್ಡ ನಿಂತೆ. ಅವನ ಮುಖಕ್ಕೆ ಉಗಿದೆ. ಅದು ಸಾಲದೆ ಕೆನ್ನೆಗೆ ಉಗುರು ಹಾಕಿ ಎಳೆದೆ, ನನ್ನ ಉಗುರಿನೊಳಗೆ ಅವನ ಚರ್ಮ ಬಂತು. ಪೊಲೀಸರು ನನ್ನನ್ನು ಎತ್ತಿ ಪಕ್ಕಕ್ಕೆ ಇಟ್ಟರು. ಅವನು ಒರೆಸಿಕೊಳ್ಳಲೂ ಇಲ್ಲ. "ನಿಮ್ಮಪ್ಪಂಗೆ ಹೊತ್ತೊತ್ತಿಗೆ ಊಟ ಮಾಡೋಕ್ ಹೇಳಮ್ಮ, ಸೊರಗಿಬಿಟ್ಟಿದಾನೆ" ಎಂದ.

ಚಿಕ್ಕವಳಿದ್ದಾಗ ನನ್ನನ್ನು ಭುಜದ ಮೇಲೆ ಕೂರಿಸಿಕೊಂಡು ವಿಮಾನ ತೋರಿಸುತ್ತಿದ್ದವನು ಅವನು. ಈಗ ಅವನು ಜೈಲಿನಲ್ಲೇ ಸಾಯಲಿ ಎಂದು ದಿನಾ ಬೇಡಿಕೊಳ್ಳುತ್ತೇನೆ. ಹೀಗೆ ಬೇಡಿಕೊಂಡ ಮೇಲೆ ನನಗೆ ನಿದ್ದೆ ಬರುತ್ತದೆ. ನಿನಗೆ ಇದು ಗೊತ್ತಿರಲಿ ಎಂದು ಬರೆದೆ.

ಟ್ವೈಲಾ ಕ್ವಿಂಟಾನ

——

ಹಯಲೀಯ
24 ಜೂನ್ 1989

ಟ್ವೈಲಾ,

ಕಲೂಸಾ ಸತ್ತಿತು. ಪತ್ರಿಕೆಯಲ್ಲಿ ನೋಡಿರುತ್ತೀಯ. ಕಳೆದ ಶನಿವಾರ ಬೆಳಿಗ್ಗೆ ಹಾರಿದ ವಿಮಾನಗಳು ಎಲ್ಲೆಲ್ಲಿ ಇಳಿದವೋ ಅಲ್ಲೇ ನಿಂತವು. ಐವತ್ತೆಂಟು ವರ್ಷದ ಕಂಪನಿಯನ್ನು ಒಂದು ಪುಟದ ಪ್ರಕಟಣೆಯಲ್ಲಿ ಮುಗಿಸಿದರು.

ಭಾನುವಾರ ಮಧ್ಯಾಹ್ನ ಗೇಟಿನಲ್ಲಿ ಕಾವಲೇ ಇರಲಿಲ್ಲ. ನಾವು ಅರವತ್ತೆಪ್ಪತ್ತು ಜನ ಒಳಗೆ ನುಗ್ಗಿದೆವು. ಇಪ್ಪತ್ತು ತಿಂಗಳು ಯಾವ ಗೇಟನ್ನು ದಾಟಿದವರ ಎಲುಬು ಮುರಿದಿದ್ದೆವೋ ಅದೇ ಗೇಟು. ಒಳಗೆ ಹೋದವರು ಏನು ಮಾಡಿದರು ಗೊತ್ತೇ? ಕೈಗೆ ಸಿಕ್ಕಿದ್ದನ್ನೆಲ್ಲ ಒಡೆದರು. ಕಿಟಕಿ, ದೀಪ, ಗಡಿಯಾರ, ಊಟದ ಮನೆಯ ತಟ್ಟೆಗಳು. ನಿಂತಿದ್ದ ಒಂದು ವಿಮಾನದ ಗಾಲಿಗಳಿಗೆ ಕೊಡಲಿ ಹಾಕಿದರು, ಅದು ಒಂದು ಪಕ್ಕಕ್ಕೆ ಕುಸಿದು ರೆಕ್ಕೆಯ ತುದಿ ನೆಲಕ್ಕೆ ಬಡಿಯಿತು. ನಾನು ಇಪ್ಪತ್ತು ಸಲ ಎಂಜಿನ್ ಜೋಡಿಸಿದ ವಿಮಾನ ಅದು. ಅದಕ್ಕೆ ಕೊಡಲಿ ಹಾಕಿದವರಲ್ಲಿ ನಾನೂ ಇದ್ದೆ. ಅಳುತ್ತಿದ್ದವರೂ ಇದ್ದರು, ಅವರೂ ಒಡೆಯುತ್ತಿದ್ದರು.

ಐದನೇ ಹ್ಯಾಂಗರಿನ ಬಾಗಿಲ ಹತ್ತಿರ ಎವೇಲಿಯೊನ ಪೆಟ್ಟಿಗೆ ಹಾಗೇ ನಿಂತಿತ್ತು, ಬೀಗ ಹಾಕಿದ್ದು ಹಾಕಿದಂತೆ. ಒಬ್ಬ ಅದಕ್ಕೆ ಸುತ್ತಿಗೆ ಎತ್ತಿದ. "ಅದು ಹಕ್ಕಳೆಯದು, ಒಡಿಯೋ" ಎಂದು ಹಿಂದಿನಿಂದ ಯಾರೋ ಕೂಗಿದರು. ನಾನು ಅಡ್ಡ ಬಿದ್ದೆ. ಸುತ್ತಿಗೆ ಬಿದ್ದು ಬಲ ಮುಂಗೈ ಮೂಳೆ ಬಿರುಕು ಬಿಟ್ಟಿದೆ, ಎಡಗೈಯಲ್ಲಿ ಬರೆಯುತ್ತಿದ್ದೇನೆ. ಓದಲು ಕಷ್ಟವಾದರೆ ಕ್ಷಮಿಸು.

ಅಲ್ಲಿ ಬಿದ್ದುಕೊಂಡು, ಆ ಪೆಟ್ಟಿಗೆ ಯಾರದು, ಏಕೆ ಉಳಿಯಿತು ಎಂದು ಅವರಿಗೆ ಕೂಗಿ ಹೇಳಿದೆ. ಎಲ್ಲವನ್ನೂ ಹೇಳಿದೆ. ಸುತ್ತಿಗೆಯವನು ಮೊದಲು ನನ್ನನ್ನು ನೋಡಿದ, ಆಮೇಲೆ ನೆಲ ನೋಡಿದ. ಒಬ್ಬೊಬ್ಬರಾಗಿ ಹೊರಗೆ ಹೋದರು.

ಅವರಿಗೆ ಹೇಳಿದ್ದನ್ನು ನಿನಗೆ ಹೇಳಬೇಕು. ನೀನು ಕೇಳಿದ ಹೆಸರು ಡೆಲ್ಮಾರ್ ಹ್ಯಾಸ್ಕೆಟ್.

ನಾನು ಧ್ವಜದ ಕಂಬದ ಹತ್ತಿರ ಇರಲಿಲ್ಲ. ವ್ಯಾನಿನ ಬಾಗಿಲನ್ನು ಸರಳಿನಿಂದ ಕಿತ್ತವನೇ ನಾನು. ಕಿತ್ತ ಮೇಲೆ ಸರಳು ಬಿಟ್ಟು ನನ್ನ ಉದ್ದನೆಯ ಸ್ಪ್ಯಾನರ್ ಹಿಡಿದು ನಿಂತೆ. ಎವೇಲಿಯೊ ನನಗೆ ಬೆನ್ನು ಹಾಕಿ ಇಳಿದ. ಬೆನ್ನು ನೋಡಿದರೆ ಹೆಸರು ಹೇಳುತ್ತೀಯ ಎಂದು ಬರೆದಿದ್ದೆಯಲ್ಲ, ನಿಜ. ಗೊತ್ತಾಗದೆ ಹೊಡೆದದ್ದಲ್ಲ, ಟ್ವೈಲಾ. ಅವನೇ ಎಂದು ಗೊತ್ತಿದ್ದುದರಿಂದ ಹೊಡೆದೆ. ಬೇರೆಯವನಾಗಿದ್ದರೆ ಮೊದಲ ಏಟಿಗೆ ಬಿಡುತ್ತಿದ್ದೆ. ಮೊದಲನೆಯದು ಭುಜಕ್ಕೆ, ಸಂಘಕ್ಕಾಗಿ. ಅವನು ತಿರುಗಿದ. ನನ್ನನ್ನು ನೋಡಿ ಏನೋ ಹೇಳಲು ಬಾಯಿ ತೆರೆದ. ಪಟ್ಟಿ ಓದಿದಾಗ ಇನ್ನೂರು ಮುಖ ನನ್ನತ್ತ ತಿರುಗಿದ್ದು ಆ ಕ್ಷಣದಲ್ಲಿ ಕಣ್ಣಿಗೆ ಕಟ್ಟಿತು. ಎರಡನೆಯದನ್ನು ಎರಡೂ ಕೈಯಲ್ಲಿ ಹಿಡಿದು ಹೊಡೆದೆ. ಮೂಳೆ ಒಡೆದ ಸದ್ದು ನನ್ನ ಮೊಣಕೈವರೆಗೆ ಬಂತು.

ಸ್ಪ್ಯಾನರ್ ಕೈಯಿಂದ ಬಿತ್ತು. ಅದರ ಮೇಲೆ ನನ್ನ ಹಳದಿ ಗುರುತಿತ್ತು. ಕ್ಲೀಟಸ್ ಬಗ್ಗಿ ಎತ್ತಿಕೊಂಡ. ನನ್ನನ್ನು ತಳ್ಳಿ, ಹೋಗು ಎಂದ. ಫೋಟೋ ತೆಗೆದದ್ದು ಆಗ. ಕೋರ್ಟಿನ ವಿಚಾರಣೆಗೆ ಮೊದಲು ನಾಲ್ಕು ಸಲ ಅವನನ್ನು ನೋಡಲು ಹೋದೆ. ನಾನೇ ಹೇಳಿಬಿಡುತ್ತೇನೆ ಎಂದೆ. "ಬಾಯ್ ಮುಚ್ಕೊಂಡಿರು. ಆ ಎಂಜಿನ್ ಬಾಯಿಂದ ಈಚೆಗೆ ಬಂದ ಮೇಲೆ ಬದುಕಿದ್ದೆಲ್ಲ ನೀನು ಕೊಟ್ಟಿದ್ದು. ಐದು ವರ್ಷ ವಾಪಸ್ ತಗೋ" ಎಂದ. ನಾನು ತೆಗೆದುಕೊಂಡೆ. ಹೇಡಿಯ ಹಾಗೆ ತೆಗೆದುಕೊಂಡು ಮನೆಗೆ ಬಂದು ಊಟ ಮಾಡಿದೆ.

ಜೈಲಿಗೆ ಹೆದರಿದ್ದಲ್ಲ. ನನ್ನ ಹೆಸರು ಓದಿದ ಮೇಲೆ ನೀನು ಮತ್ತೆಂದೂ ನನಗೆ ಕಾಗದ ಬರೆಯುವುದಿಲ್ಲ ಎಂದು ಹೆದರಿದೆ. ನೀನು ಬೈದು ಬರೆದ ಮೂರು ಕಾಗದಗಳೇ ನನಗೆ ಉಳಿದಿದ್ದವು. ಈ ಕಾಗದವನ್ನು ಏನು ಬೇಕಾದರೂ ಮಾಡು.

ಡೆಲ್ಮಾರ್ ಹ್ಯಾಸ್ಕೆಟ್

——

ಟ್ಯಾಂಪಾ
5 ಜುಲೈ 1989

ಅಪ್ಪಾ,

ನಿನ್ನ ಕಾಗದವನ್ನು ಅಡುಗೆಮನೆಯಲ್ಲಿ ನಿಂತೇ ಓದಿದೆ. ಓದಿ ಮುಗಿಸಿ, ಒಲೆಯ ಮೇಲಿದ್ದ ಹುರುಳಿಯ ಪಾತ್ರೆಯನ್ನು ಎತ್ತಿ ಗೋಡೆಗೆ ಬಡಿದೆ. ಕೈ ಸುಟ್ಟಿದೆ. ಎವೇಲಿಯೊ ಕೋಲೂರಿಕೊಂಡು ಬಂದ. ನಿನ್ನ ಕಾಗದವನ್ನು ಅವನಿಗೆ ಗಟ್ಟಿಯಾಗಿ ಓದಿ ಹೇಳಿದೆ, ಒಂದು ಅಕ್ಷರ ಬಿಡದೆ. ಅವನು ಕುರ್ಚಿಯಲ್ಲಿ ಕೂತು ಪೂರ್ತಿ ಕೇಳಿದ. ಮುಖ ಬದಲಾಗಲೇ ಇಲ್ಲ.

ಆಗ ನನಗೆ ತಿಳಿಯಿತು. ನಿನಗೆ ಗೊತ್ತಿತ್ತಾ ಎಂದೆ.

"ಆ ಕಣ್ಣು ಕೊನೇಗೆ ನೋಡಿದ್ದು ಅವರನ್ನೇ" ಎಂದ.

ಮೊದಲ ದಿನದಿಂದ ಗೊತ್ತಿತ್ತಂತೆ. ಮಾತು ಬರುವ ಮೊದಲೂ ಗೊತ್ತಿತ್ತಂತೆ. ಕಟಕಟೆಯಲ್ಲಿ ನಿಂತು ನೆನಪಿಲ್ಲ ಎಂದು ಸುಳ್ಳು ಹೇಳಿದ. ನಿನಗೆ ಇರುವವನು ಅಪ್ಪ ಒಬ್ಬನೇ, ಅವನೂ ಹೋಗುವುದು ಬೇಡ ಎಂದುಕೊಂಡೆ ಎಂದ. ಅವನನ್ನು ಹೊಡೆಯಲು ಕೈ ಎತ್ತಿದೆ. ಎತ್ತಿದ ಕೈ ನಿನ್ನದೇ ಕೈ ಎಂದು ಅನ್ನಿಸಿತು, ಇಳಿಸಿದೆ.

ಮೂವರು ಗಂಡಸರು. ಒಬ್ಬ ಹೊಡೆದ, ಒಬ್ಬ ಹೊಡೆಸಿಕೊಂಡ, ಒಬ್ಬ ಹೊತ್ತುಕೊಂಡ. ಮೂವರಿಗೂ ಗೊತ್ತಿತ್ತು. ಮೂವರೂ ಪ್ರೀತಿಯಿಂದಲೇ ಸುಮ್ಮನಿದ್ದಿರಂತೆ. ನಿಮ್ಮ ಈ ಪ್ರೀತಿಯ ನಡುವೆ ನಾನೊಬ್ಬಳೇ ಏನೂ ತಿಳಿಯದೆ, ನನ್ನನ್ನು ಹೆಗಲ ಮೇಲೆ ಹೊತ್ತಾಡಿಸಿದವನ ಮುಖಕ್ಕೆ ಉಗಿದೆ. ಅವನ ಚರ್ಮ ನನ್ನ ಉಗುರಿನಲ್ಲಿತ್ತು ಅಪ್ಪಾ. ಒಂಬತ್ತು ತಿಂಗಳು ಅವನ ಸಾವನ್ನು ಬೇಡಿಕೊಂಡು ನೆಮ್ಮದಿಯಾಗಿ ಮಲಗಿದೆ. ತಲೆ ಒಡೆದದ್ದನ್ನು ಎವೇಲಿಯೊ ಕ್ಷಮಿಸಿದ್ದಾನಂತೆ. ಅದು ಅವನ ತಲೆ, ಅವನಿಷ್ಟ. ನನ್ನಿಂದ ಇದನ್ನು ಮಾಡಿಸಿದ್ದೀರಲ್ಲ, ಇದನ್ನು ನಾನು ಕ್ಷಮಿಸಿಲ್ಲ.

ಕ್ಲೀಟಸ್ ಇನ್ನು ಒಂದು ದಿನವೂ ಹೆಚ್ಚು ಒಳಗಿರಬಾರದು. ವಕೀಲರಿಗೆ ಫೋನು ಮಾಡಿದ್ದೇನೆ. ಮುಂದಿನ ಬುಧವಾರ ಹೊರಟು ಬಂದು ಎವೇಲಿಯೊನ ಅಣ್ಣನ ಮನೆಯಲ್ಲಿ ಉಳಿಯುತ್ತೇವೆ. ಗುರುವಾರ ಹದಿಮೂರನೇ ತಾರೀಕು ಬೆಳಿಗ್ಗೆ ಎಂಟಕ್ಕೆ ನಿನ್ನ ಮನೆಗೆ ಬರುತ್ತೇನೆ. ಕೋರ್ಟಿಗೆ ನಾನೇ ಕರೆದೊಯ್ಯುತ್ತೇನೆ. ನೀನು ನಡೆದದ್ದನ್ನು ಹೇಳಬೇಕು, ಎವೇಲಿಯೊ ಕೂಡ ತಾನು ಸುಳ್ಳು ಹೇಳಿದ್ದೆ ಎಂದು ಹೇಳಬೇಕು. ಅವನು ಒಪ್ಪಿದ್ದಾನೆ. ಹೋಗುವಾಗ ಬಟ್ಟೆಯ ಚೀಲ ಜೊತೆಗಿರಲಿ, ಅವತ್ತೇ ಒಳಗಿಟ್ಟುಕೊಳ್ಳಬಹುದು ಎಂದು ವಕೀಲರು ಹೇಳಿದರು. ಆಮೇಲೆ ನಿನ್ನನ್ನು ನೋಡಲು ಬರುತ್ತೇನೋ ಇಲ್ಲವೋ ನನಗೆ ಈಗ ಗೊತ್ತಿಲ್ಲ, ಕೇಳಬೇಡ.

ಕಾರಿನಲ್ಲಿ ನನ್ನ ಜೊತೆ ಮಾತಾಡಬೇಡ. ಮುಂದಿನ ಸೀಟಿಗೂ ಬರಬೇಡ. ಹಿಂದೆ ಎವೇಲಿಯೊನ ಪಕ್ಕದಲ್ಲಿ ಕೂರು. ಅವನ ಬಲಗಡೆಗೆ ಕೂರು, ಎಡಗಡೆ ಕೂತರೆ ನೀನು ಅವನಿಗೆ ಕಾಣುವುದಿಲ್ಲ.

ಟ್ವೈಲಾ